ಕೊಡಗಿನಿಂದ ಬಂಜೆತನ ಚಿಕಿತ್ಸೆಗೆ ಹೊರಡುವಾಗ: ಯಾವ ದಿನ ಏನು, ಎಲ್ಲಿ

ಯಾವ ತಡೆಯೂ ಇಲ್ಲದೆ ಒಂದು ವರ್ಷ ಕೂಡಿದರೂ ಬಸಿರು ನಿಲ್ಲದಿದ್ದರೆ ತಪಾಸಣೆ ಶುರು ಮಾಡಿ. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಷ್ಟೇ ಕಾಯಿರಿ. 40 ದಾಟಿದ್ದರೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಹಿಂದೆ ಕ್ಷಯ ಅಥವಾ ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಕಾಯುವುದೇ ಬೇಡ.

ಈ ಚಿಕಿತ್ಸೆ ಪೂರ್ತಿ ನಡೆಯುವುದು ಮುಟ್ಟಿನ ದಿನದ ಲೆಕ್ಕದಲ್ಲಿ. ರಕ್ತ ಸರಿಯಾಗಿ ಹರಿಯತೊಡಗಿದ ದಿನವೇ ಒಂದನೇ ದಿನ; ಹಿಂದಿನ ದಿನದ ಕಲೆ ಲೆಕ್ಕಕ್ಕಿಲ್ಲ. ಒಂದು ದಿನ ತಪ್ಪಿದರೆ ಇಡೀ ತಿಂಗಳು ಕೈತಪ್ಪುವುದುಂಟು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯಬೇಕು. ಹಾಗಾಗಿ ಇಲ್ಲೇ ಆಗುವುದನ್ನು ಇಲ್ಲೇ ಮುಗಿಸಿ, ಅನಿವಾರ್ಯವಾದದ್ದಕ್ಕೆ ಮಾತ್ರ ಘಾಟಿ ಇಳಿಯಿರಿ.

ಮೊದಲ ಪರೀಕ್ಷೆ ಗಂಡನದ್ದೇ ಆಗಲಿ. ಇದರಲ್ಲಿ ನಾವು ರಾಜಿ ಮಾಡಿಕೊಳ್ಳುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಯೋ ಅಗ್ಗ, ನೋವಿಲ್ಲ. ಅದನ್ನು ಮಾಡಿಸದೆ ಹೆಂಡತಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ಅನ್ಯಾಯ. ಪರೀಕ್ಷೆಗೆ ಮೊದಲು ಎರಡರಿಂದ ಏಳು ದಿನ ಸ್ಖಲನ ಆಗಿರಬಾರದು. ಮಾದರಿ ಒಂದು ಗಂಟೆಯೊಳಗೆ ಲ್ಯಾಬಿನ ಕೈ ಸೇರಬೇಕು, ಅಲ್ಲಿಯವರೆಗೆ ಮೈಬಿಸಿಯಲ್ಲೇ ಇರಬೇಕು. ಪೊನ್ನಂಪೇಟೆಯಲ್ಲಿ ಬಾಟಲಿಗೆ ಹಿಡಿದು ಮೈಸೂರಿಗೆ ಒಯ್ದರೆ ಫಲಿತಾಂಶ ಸುಳ್ಳಾಗುತ್ತದೆ, ಲ್ಯಾಬಿನಲ್ಲೇ ಕೊಡಿ. ಮಾಮೂಲಿ ಕಾಂಡೋಮ್, ಎಣ್ಣೆ, ಜೆಲ್ ಯಾವುದೂ ಬೇಡ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅವು ಹೊರಗೆ ಬಿದ್ದಿದ್ದರೆ ಮುಚ್ಚಿಡದೆ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಮಿತಿ: ಪ್ರಮಾಣ 1.4 ಮಿ.ಲೀ., ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಚಲನೆ 42%, ಸರಿಯಾದ ಆಕಾರ 4%. ಆಕಾರ 4% ಎಂದು ಕಂಡು ಎದೆಗುಂದುವವರು ಬಹಳ, ಅದು ಮಾಮೂಲಿಯೇ. ಒಂದು ವರದಿ ಕೆಟ್ಟರೆ ಅದೇ ತೀರ್ಪಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಎರಡು ತಿಂಗಳ ಹಿಂದಿನ ಜ್ವರವೂ ಇಂದಿನ ವರದಿಯಲ್ಲಿ ಕಾಣಬಹುದು. ಸಿಗರೇಟು, ಮದ್ಯ, ತೋಟಕ್ಕೆ ಕೀಟನಾಶಕ ಸಿಂಪಡಿಸುವ ಕೆಲಸ ಬಿಟ್ಟು ಮೂರು ತಿಂಗಳಿಗೆ ಮತ್ತೆ ಮಾಡಿಸಿ. ವೀರ್ಯಾಣುವೇ ಕಾಣದಿದ್ದರೆ ಮಾತ್ರ ಕಾಯದೆ ತಜ್ಞರ ಬಳಿ ಹೋಗಿ.

ಹೆಣ್ಣಿಗೆ ಎರಡು ಅಥವಾ ಮೂರನೇ ದಿನ ಅಂಡದ ಬೆಳವಣಿಗೆ ನಡೆಸುವ ಹಾರ್ಮೋನುಗಳ ರಕ್ತಪರೀಕ್ಷೆ: ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಡಯಾಲ್. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಎಂಎಚ್‌ಗೆ ಇಂಥದೇ ದಿನ ಎಂದಿಲ್ಲ. ಎಎಂಎಚ್ ಹೇಳುವುದು ಅಂಡಾಶಯದಲ್ಲಿ ಎಷ್ಟು ಅಂಡ ಉಳಿದಿದೆ ಎಂಬ ಅಂದಾಜನ್ನು, ಬಸಿರಾಗುತ್ತದೋ ಇಲ್ಲವೋ ಎಂಬುದನ್ನಲ್ಲ. ಅಂಡ ಬಿಡುಗಡೆಯಾಗಿದೆಯೇ ನೋಡುವ ಪ್ರೊಜೆಸ್ಟರಾನ್ ಪರೀಕ್ಷೆಯನ್ನು ಎಲ್ಲರಿಗೂ 21ನೇ ದಿನ ಬರೆದುಕೊಡುತ್ತಾರೆ. ಅದು 28 ದಿನದ ಚಕ್ರದವರಿಗೆ ಸರಿ. 35 ದಿನದವರು 28ನೇ ದಿನ ಮಾಡಿಸಬೇಕು, ಅಂದರೆ ಮುಂದಿನ ಮುಟ್ಟಿಗೆ ಏಳು ದಿನ ಮೊದಲು.

ಗರ್ಭನಾಳ ತೆರೆದಿದೆಯೇ ನೋಡುವ ಎಚ್‌ಎಸ್‌ಜಿ ಎಕ್ಸ್‌ರೇಯನ್ನು ರಕ್ತ ನಿಂತ ಮೇಲೆ, ಹತ್ತನೇ ದಿನದೊಳಗೆ ಮಾಡಿಸಬೇಕು. ಆ ತಿಂಗಳು ಅಲ್ಲಿಯವರೆಗೆ ಕೂಡಬಾರದು. ವೈದ್ಯರನ್ನು ಕೇಳಿ ಒಂದು ಗಂಟೆ ಮೊದಲು ನೋವಿನ ಮಾತ್ರೆ ತೆಗೆದುಕೊಳ್ಳಿ. ನಾಳದ ಬುಡದಲ್ಲೇ ಬಂದ್ ಎಂದು ಬಂದರೆ ಅದು ಸ್ನಾಯು ಬಿಗಿಹಿಡಿದದ್ದೂ ಇರಬಹುದು, ಆ ಒಂದೇ ವರದಿ ನಂಬಿ ಐವಿಎಫ್‌ಗೆ (ಅಂಡ ಹೊರತೆಗೆದು ಲ್ಯಾಬಿನಲ್ಲಿ ವೀರ್ಯಾಣು ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಒಪ್ಪಬೇಡಿ. ನಾಳ ನೀರು ತುಂಬಿ ಊದಿದ್ದರೆ ಮಾತು ಬೇರೆ: ಐವಿಎಫ್‌ಗೆ ಮೊದಲೇ ಅದನ್ನು ತೆಗೆಸಬೇಕು ಅಥವಾ ಕಟ್ಟಿಸಬೇಕು, ಇಲ್ಲವಾದರೆ ಭ್ರೂಣ ಅಂಟುವ ಸಾಧ್ಯತೆ ಕುಗ್ಗುತ್ತದೆ. ನಮ್ಮ ದೇಶದಲ್ಲಿ ನಾಳ ಕೆಡಲು ಗರ್ಭಕೋಶದ ಕ್ಷಯ ದೊಡ್ಡ ಕಾರಣ, ಕೆಮ್ಮು ಜ್ವರವಿಲ್ಲದೆಯೂ ಇರುತ್ತದೆ. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಈ ಹಂತದಲ್ಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರು ಮಾಡಿ. ಕಾಫಿ ಬಿಡಬೇಕಿಲ್ಲ, ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸಿ.

ಪಿಸಿಓಡಿಯಿಂದ (ಹಾರ್ಮೋನ್ ಏರುಪೇರಾಗಿ ಅಂಡಾಶಯದಲ್ಲಿ ಅಂಡ ಬಲಿಯದೆ ಉಳಿಯುವ ತೊಂದರೆ) ಅಂಡ ಬಿಡುಗಡೆಯಾಗದಿದ್ದರೆ ಮೊದಲ ಔಷಧಿ ಲೆಟ್ರೋಜೋಲ್: ಎರಡು ಅಥವಾ ಮೂರನೇ ದಿನದಿಂದ ಐದು ದಿನ, 2.5 ಮಿ.ಗ್ರಾಂನಿಂದ ಆರಂಭ, ವೈದ್ಯರು 7.5ರವರೆಗೆ ಏರಿಸಬಹುದು. ತೂಕ ಹೆಚ್ಚಿದ್ದವರು 5% ಇಳಿಸಿದರೂ ಮುಟ್ಟು ಸರಿಯಾಗುವುದುಂಟು. ಮಾತ್ರೆ ಕೊಟ್ಟು ಸ್ಕ್ಯಾನ್ ಮಾಡದೆ ಬಿಡುವ ಚಿಕಿತ್ಸೆ ಅರೆಬರೆ. ಹತ್ತನೇ ದಿನದ ಸುಮಾರಿಗೆ ಸ್ಕ್ಯಾನ್ ಆರಂಭಿಸಿ, ಅಂಡ ಬೆಳೆಯುವ ನೀರುಚೀಲ, ಅಂದರೆ ಕೋಶಿಕೆ, 18ರಿಂದ 20 ಮಿ.ಮೀ. ಆದಾಗ ಎಚ್‌ಸಿಜಿ ಚುಚ್ಚುಮದ್ದು ಕೊಡುತ್ತಾರೆ. ಸುಮಾರು 36 ಗಂಟೆಗೆ ಅಂಡ ಹೊರಬರುತ್ತದೆ. ಮೂರಕ್ಕಿಂತ ಹೆಚ್ಚು ಕೋಶಿಕೆ ಬೆಳೆದಿದ್ದರೆ ಆ ತಿಂಗಳು ಬಿಡುವುದೇ ಕ್ಷೇಮ, ಇಲ್ಲವಾದರೆ ಅವಳಿ ತ್ರಿವಳಿಯ ಅಪಾಯ. ಈ ಸ್ಕ್ಯಾನ್‌ಗಳನ್ನು ಮಡಿಕೇರಿ, ಕುಶಾಲನಗರ, ವಿರಾಜಪೇಟೆಯಲ್ಲೇ ಮಾಡಿಸಿ ವರದಿಯನ್ನು ದೂರದ ವೈದ್ಯರಿಗೆ ಕಳಿಸಬಹುದು; ಅವರು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಐಯುಐಗೆ (ವೀರ್ಯವನ್ನು ಲ್ಯಾಬಿನಲ್ಲಿ ಶುದ್ಧ ಮಾಡಿ ನೇರ ಗರ್ಭಕೋಶಕ್ಕೆ ಬಿಡುವುದು) ಕನಿಷ್ಠ ಒಂದು ನಾಳ ತೆರೆದಿರಬೇಕು, ವೀರ್ಯ ತೀರಾ ದುರ್ಬಲವಿರಬಾರದು. ಮೂರು ನಾಲ್ಕು ಸಲ ಫಲಿಸದಿದ್ದರೆ ಮುಂದಿನ ದಾರಿ ಯೋಚಿಸಿ. 38ರ ನಂತರ ಐಯುಐಯಲ್ಲಿ ವರ್ಷ ಕಳೆಯುವುದು ನಷ್ಟ.

ಐವಿಎಫ್‌ಗೆ ಹಲವು ಅಂಡ ಒಟ್ಟಿಗೆ ಬೆಳೆಯಲೆಂದು ಎಂಟರಿಂದ ಹದಿನಾಲ್ಕು ದಿನ ಚುಚ್ಚುಮದ್ದು. ಹೊಟ್ಟೆಯ ಚರ್ಮದಡಿ ಮನೆಯಲ್ಲೇ ಹಾಕಿಕೊಳ್ಳಬಹುದು. ಆದರೆ ಬಹುತೇಕ ಔಷಧಿ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಹಾಳು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಿನವರು ಔಷಧಿಯನ್ನು ಪಟ್ಟಣದ ಮೆಡಿಕಲ್‌ನಲ್ಲೇ ಇರಿಸಿಕೊಳ್ಳಿ. ಅಂಡವನ್ನು ಪೂರ್ತಿ ಬಲಿಸುವ ಕೊನೆಯ ‘ಟ್ರಿಗರ್’ ಚುಚ್ಚುಮದ್ದಿಗೆ ಗಡಿಯಾರವೇ ಮುಖ್ಯ: ಸೋಮವಾರ ರಾತ್ರಿ 10ಕ್ಕೆ ಹಾಕಿದರೆ ಬುಧವಾರ ಬೆಳಿಗ್ಗೆ 8ರಿಂದ 10ರೊಳಗೆ ಅಂಡ ತೆಗೆಯಬೇಕು. ತಡವಾದರೆ ಅವು ಒಳಗೇ ಬಿಡುಗಡೆಯಾಗಿ ಕೈಗೆ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ರಸ್ತೆ ನಂಬಿ ಆ ಬೆಳಿಗ್ಗೆ ಹೊರಡಬೇಡಿ, ಎಂಟನೇ ದಿನದಿಂದಲೇ ಆಸ್ಪತ್ರೆಯ ಊರಲ್ಲಿ ಉಳಿಯಿರಿ. ಮಳೆಗೆ ಮೊದಲೇ ಅಂಡ ತೆಗೆಸಿ, ಭ್ರೂಣ ಶೈತ್ಯದಲ್ಲಿಟ್ಟು, ಕಾಫಿ ಕೊಯ್ಲು ಮುಗಿದ ಮೇಲೆ ಗರ್ಭಕೋಶಕ್ಕೆ ವರ್ಗಾಯಿಸಿಕೊಳ್ಳುವುದೂ ಆಗುತ್ತದೆ.

ಔಷಧಿ ಸೇರಿ ಒಂದು ಸುತ್ತಿನ ಖರ್ಚು ಲಕ್ಷ ದಾಟುತ್ತದೆ; ಶೈತ್ಯೀಕರಣ, ಅರಿವಳಿಕೆ, ಮುಂದಿನ ವರ್ಗಾವಣೆ ಅದರಲ್ಲಿ ಸೇರಿದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ. 2021ರ ಎಆರ್‌ಟಿ (ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಂತೆ ಕೇಂದ್ರಕ್ಕೆ ನೋಂದಣಿ ಕಡ್ಡಾಯ. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸಿನ ಮಿತಿ. ಗಂಡುಮಗು ಮಾಡಿಕೊಡುತ್ತೇವೆ ಎನ್ನುವವರ ಬಾಗಿಲು ತುಳಿಯಬೇಡಿ, ಅದು ಅಪರಾಧ.

ಅಂಡ ತೆಗೆದ ಮೇಲೆ ಹೊಟ್ಟೆ ಉಬ್ಬಿ, ತೂಕ ದಿನಕ್ಕೆ ಒಂದು ಕಿಲೋ ಏರಿ, ಮೂತ್ರ ಕಡಿಮೆಯಾಗಿ ಉಸಿರು ಕಟ್ಟಿದರೆ ಅದು ಅಂಡಾಶಯ ಅತಿಯಾಗಿ ಕೆರಳಿದ ಲಕ್ಷಣ, ಅಂದೇ ಆಸ್ಪತ್ರೆಗೆ ಹೋಗಿ. ಬಸಿರಿನ ರಕ್ತಪರೀಕ್ಷೆ ವರ್ಗಾವಣೆಯ ಸುಮಾರು ಎರಡು ವಾರಕ್ಕೆ. ಎಚ್‌ಸಿಜಿ ಚುಚ್ಚುಮದ್ದಿನ ಬೆನ್ನಿಗೇ ಮನೆಯಲ್ಲಿ ಕಿಟ್ ನೋಡಿದರೆ ಸುಳ್ಳು ಗೆರೆ ಬರುತ್ತದೆ. ಪರೀಕ್ಷೆ ಪಾಸಿಟಿವ್ ಬಂದ ಮೇಲೆ ಹೊಟ್ಟೆಯ ಒಂದು ಬದಿ ನೋವು, ರಕ್ತ, ತಲೆಸುತ್ತು ಕಂಡರೆ ಬಸಿರು ನಾಳದಲ್ಲಿ ನಿಂತಿರಬಹುದು. ಆಗ ಐವಿಎಫ್ ಮಾಡಿದ ಊರಿಗೆ ಓಡಬೇಡಿ, ಹತ್ತಿರದ ಶಸ್ತ್ರಚಿಕಿತ್ಸೆ ಸೌಲಭ್ಯದ ಆಸ್ಪತ್ರೆಗೆ, ಮಡಿಕೇರಿ ಸುತ್ತಿನವರು ಜಿಲ್ಲಾಸ್ಪತ್ರೆಗೆ, ಫೈಲ್ ಹಿಡಿದು ತಕ್ಷಣ ಹೋಗಿ.