ಕಲಗಚ್ಚಿಗೆ ಬಂದ ಕರಡಿ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ. ಈ ಕಥೆ ಕೇಳಿದವರೆಲ್ಲ ಕರಡಿಯನ್ನೇ ಬೈಯುತ್ತಾರೆ. ಪಾಪ, ಅದು ನಾನು ಚೆಲ್ಲಿದ್ದನ್ನು ನೆಕ್ಕಲು ಬಂದಿತ್ತು ಅಷ್ಟೇ.

ನಾವಿರುವುದು ಕೆನಡಾದ ಟೊರೊಂಟೊ ಹತ್ತಿರ. ಅಲ್ಲಿಂದ ಕಾರಿನಲ್ಲಿ ಸುಮಾರು ಮೂರು ತಾಸು ಹೋದರೆ ಆಲ್ಗಾಂಕ್ವಿನ್ ಪಾರ್ಕ್ ಸಿಗುತ್ತದೆ. ಪಾರ್ಕ್ ಅಂದರೆ ಲಾಲ್‌ಬಾಗ್ ಥರ ಅಂದುಕೊಳ್ಳಬೇಡಿ. 7,600 ಚದರ ಕಿಲೋಮೀಟರ್‌ಗೂ ದೊಡ್ಡ ಕಾಡು. ಬೆಂಗಳೂರು ನಗರ ಜಿಲ್ಲೆಯಂಥ ಮೂರು ಜಿಲ್ಲೆ ಅದರೊಳಗೆ ಹಿಡಿಸುತ್ತವೆ. ದಕ್ಷಿಣದ ಭಾಗದಲ್ಲಿ 60ನೇ ನಂಬರಿನ ಹೆದ್ದಾರಿ ಹಾದುಹೋಗುತ್ತದೆ. ಒಳಗೆ ಹೋಗಬೇಕೆಂದರೆ ಹೆಚ್ಚಾಗಿ ದೋಣಿಯೇ ಗತಿ. ಒಂದು ಕೆರೆ ಮುಗಿದ ಮೇಲೆ ದೋಣಿಯನ್ನು ತಲೆ ಮೇಲೆ ಹೊತ್ತು, ಕಾಡುದಾರಿಯಲ್ಲಿ ನಡೆದು, ಮುಂದಿನ ಕೆರೆಗೆ ಇಳಿಸಬೇಕು. ಆ ದಾರಿಗೆ ಪೋರ್ಟೇಜ್ ಅನ್ನುತ್ತಾರೆ. ನಾವು ಹೋಗಿದ್ದು ಕನೂ ಲೇಕ್‌ನಿಂದ ಜೋ ಲೇಕ್‌ಗೆ. ನಡುವಿನ ಪೋರ್ಟೇಜ್ 295 ಮೀಟರ್. ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ ಇರುವ ಮನೆಗೆ ಅಷ್ಟು ಸಾಕು.

ನನ್ನ ತವರು ಹೊಸಪೇಟೆ ಕಡೆ. ದರೋಜಿ ಕರಡಿಧಾಮ ಅಲ್ಲೇ ಹತ್ತಿರ. 1994ರಲ್ಲಿ ಅದು ಧಾಮ ಆಗುವುದಕ್ಕೂ ಮುಂಚೆಯಿಂದ ನಮ್ಮ ಕಡೆಯ ಗುಡ್ಡಗಳಲ್ಲಿ ಕರಡಿ ಇದ್ದೇ ಇವೆ. ಬೆಳಗಿನ ಜಾವ ಚೊಂಬು ಹಿಡಿದು ಒಬ್ಬರೇ ಹೊಲದ ಕಡೆ ಹೋಗಬೇಡಿ ಅಂತ ಅಜ್ಜ ಗದರುತ್ತಿದ್ದರು. ಕರಡಿ ಮುಖ ಹರಿದಿದ್ದ ಒಬ್ಬರನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಹಾಗಾಗಿ ಕರಡಿ ಅಂದರೆ ನನಗೆ ಹೊಟ್ಟೆಯಲ್ಲೇ ಒಂದು ಭಯ. ಆದರೆ ಇಲ್ಲಿನ ಕಪ್ಪು ಕರಡಿಯ ಸ್ವಭಾವ ಬೇರೆ. ನಮ್ಮ ಕರಡಿ ಗಾಬರಿಯಾದರೆ ಮೈಮೇಲೆ ಬೀಳುತ್ತದೆ. ಇದು ಸಾಮಾನ್ಯವಾಗಿ ಓಡುತ್ತದೆ, ಇಲ್ಲವೇ ಮರ ಹತ್ತುತ್ತದೆ. ಸಾಮಾನ್ಯವಾಗಿ ಅಂದೆ, ಯಾವಾಗಲೂ ಅಂತಲ್ಲ. 1991ರ ಅಕ್ಟೋಬರ್‌ನಲ್ಲಿ ಇದೇ ಪಾರ್ಕಿನ ಒಪಿಯಾಂಗೊ ಕೆರೆಯ ದ್ವೀಪದಲ್ಲಿ ಇಬ್ಬರನ್ನು ಕಪ್ಪು ಕರಡಿ ಕೊಂದಿತ್ತು. ತೀರಾ ಅಪರೂಪದ ಸಂಗತಿ. ಆದರೂ ಹೊರಡುವ ಮೊದಲು ಅದನ್ನು ಓದಿಕೊಂಡೇ ಹೊರಟೆ. ಗಂಡನಿಗೆ ಮಾತ್ರ ಹೇಳಲಿಲ್ಲ.

ಕರಡಿಯನ್ನು ದೂರ ಇಡುವ ಕೆಲಸ ಅರ್ಧ ಅಡುಗೆಮನೆಯಲ್ಲೇ ಮುಗಿಯುತ್ತದೆ. ಅದರ ಮೂಗು ನಾಯಿ ಮೂಗಿಗಿಂತ ಚುರುಕು. ನಮ್ಮ ಅಡುಗೆಯೋ, ಪಕ್ಕದ ಬೀದಿಗೂ ಗೊತ್ತಾಗುವಂಥದ್ದು. ಅದಕ್ಕೇ ಒಗ್ಗರಣೆಯನ್ನೆಲ್ಲ ಮನೆಯಲ್ಲೇ ಮುಗಿಸಿದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ, ಎಲ್ಲಾ ಬೇರೆ ಬೇರೆ ಜಿಪ್ ಚೀಲಗಳಲ್ಲಿ. ದಿಢೀರ್ ಬಿಸಿಬೇಳೆಬಾತ್‌ಗೆ ಹೆಸರುಬೇಳೆ. ತೊಗರಿಬೇಳೆ ಬೇಯುವಷ್ಟು ಗ್ಯಾಸ್ ಯಾರು ಹೊರುತ್ತಾರೆ? ಪಾರ್ಕಿನ ಒಳಭಾಗಕ್ಕೆ ಗಾಜಿನ ಬಾಟಲಿ, ತಗಡಿನ ಡಬ್ಬಿ ಒಯ್ಯುವ ಹಾಗಿಲ್ಲ. ಹಾಗಾಗಿ ಉಪ್ಪಿನಕಾಯಿಯೂ ಪ್ಲಾಸ್ಟಿಕ್ ಡಬ್ಬಿಗೆ ಬಂತು.

ಇವೆಲ್ಲ ಬಾಡಿಗೆಗೆ ತಂದ ನೀಲಿ ಬ್ಯಾರಲ್‌ನೊಳಗೆ. ಮುಚ್ಚಳದ ಸುತ್ತ ಲೋಹದ ಪಟ್ಟಿ ಬಿಗಿದರೆ ವಾಸನೆ ಅಷ್ಟಾಗಿ ಹೊರಗೆ ಬರುವುದಿಲ್ಲ. ಕರಡಿ ಒಡೆಯಲಾರದು ಅಂತೇನಿಲ್ಲ, ಮನಸ್ಸು ಮಾಡಿದರೆ ಒಡೆಯುತ್ತದೆ. ಅದಕ್ಕೇ ರಾತ್ರಿ ಮರಕ್ಕೆ ನೇತುಹಾಕಬೇಕು. ನೆಲದಿಂದ 4 ಮೀಟರ್ ಮೇಲೆ, ಕಾಂಡದಿಂದ 2 ಮೀಟರ್ ದೂರ. ಓದುವಾಗ ಸುಲಭ. ಕಾಲುಚೀಲದಲ್ಲಿ ಕಲ್ಲು ಹಾಕಿ, ಅದಕ್ಕೆ ಹಗ್ಗ ಕಟ್ಟಿ, ಸರಿಯಾದ ಕೊಂಬೆಯ ಮೇಲೆ ಎಸೆಯುವಷ್ಟರಲ್ಲಿ ನನ್ನ ಗಂಡ ಹನ್ನೊಂದು ಸಲ ಸೋತರು. ಮಕ್ಕಳು ಜೋರಾಗಿ ಎಣಿಸುತ್ತಿದ್ದರು.

ತಿನ್ನುವುದಷ್ಟೇ ಅಲ್ಲ, ವಾಸನೆ ಇರುವುದೆಲ್ಲ ಬ್ಯಾರಲ್ ಒಳಗೇ ಹೋಗಬೇಕು. ಟೂತ್‌ಪೇಸ್ಟ್, ಸೋಪು, ಮಗಳ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಎಣ್ಣೆ ಹಚ್ಚಿದ ತಲೆಯನ್ನು ಮಾತ್ರ ಬ್ಯಾರಲ್‌ಗೆ ಹಾಕುವುದಕ್ಕಾಗುವುದಿಲ್ಲ ಅಲ್ವಾ, ಹಾಗಾಗಿ ಮೂರು ದಿನ ಎಣ್ಣೆ ಬಂದ್.

ಎರಡನೇ ದಿನ ಟೀಪೀ ಲೇಕ್ ಕಡೆ ಹುಟ್ಟು ಹಾಕುತ್ತಾ ಹೋದೆವು. ದಡದ ಬಂಡೆಗಳ ಮೇಲೆ ಕರಡಿ ಕಂಡಿತು. ಜುಲೈ ಕೊನೆ, ಬ್ಲೂಬೆರಿ ಹಣ್ಣಾಗುವ ಕಾಲ. ಗಿಡವನ್ನು ಮುಂಗಾಲಲ್ಲಿ ಬಗ್ಗಿಸಿ, ತುಟಿಯಿಂದ ಹಣ್ಣು ಸೋಸಿದ ಹಾಗೆ ತಿನ್ನುತ್ತಿತ್ತು. ಅಷ್ಟು ದೊಡ್ಡ ಪ್ರಾಣಿ, ಅಷ್ಟು ನಾಜೂಕು! ಕರಡಿ ಚೆನ್ನಾಗಿ ಈಜುತ್ತದೆ, ಹಾಗಾಗಿ ನೀರಿನಲ್ಲಿದ್ದೇವೆ ಅಂತ ಹತ್ತಿರ ಹೋಗಲಿಲ್ಲ. ದೂರದಿಂದಲೇ ನೋಡಿ ಬಂದೆವು. ಅದು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಹಣ್ಣಿಗೆ ಬಾಯಿ ಹಾಕಿತು. "ಇಷ್ಟೇನಾ?" ಅನ್ನಿಸಿತು. ನಾನು ಕೆಟ್ಟಿದ್ದು ಅಲ್ಲೇ.

ಆ ಸಂಜೆ ಬಿಸಿಬೇಳೆಬಾತ್ ತಳ ಹಿಡಿಯಿತು. ಪಾತ್ರೆಗೆ ನೀರು ಹಾಕಿ ನೆನೆಸಿಟ್ಟೆ. ಮೊದಲನೇ ದಿನ ಮುಸುರೆ ನೀರನ್ನು ಸೋಸಿ, ಅಗುಳನ್ನು ಕಸದ ಚೀಲಕ್ಕೆ ಹಾಕಿ, ನೂರು ಹೆಜ್ಜೆ ಆಚೆ ಗುಂಡಿ ತೋಡಿ ಸುರಿದಿದ್ದೆ. ಅವತ್ತು ಸೊಳ್ಳೆ ಮುತ್ತಿಕೊಂಡಿದ್ದವು. ಮಗ ಅಳುತ್ತಿದ್ದ. ತುಪ್ಪ, ಬೇಳೆ, ಕಡಲೆಬೀಜ ತೇಲುತ್ತಿದ್ದ ಆ ನೀರನ್ನು ಹತ್ತಿರದ ಪೊದೆಯ ಹಿಂದೆ ಧೊಪ್ ಅಂತ ಚೆಲ್ಲಿ ಟೆಂಟಿಗೆ ನುಗ್ಗಿದೆ. ಊರಲ್ಲಿ ಅದನ್ನು ಕಲಗಚ್ಚು ಅಂತ ಬಾನಿಗೆ ಸುರಿದರೆ ಎಮ್ಮೆ ಎಲ್ಲಿದ್ದರೂ ಬರುತ್ತದೆ. ಅಷ್ಟು ಗೊತ್ತಿದ್ದವಳಿಗೆ ಆ ಹೊತ್ತಲ್ಲಿ ಹೊಳೆಯಲಿಲ್ಲ ನೋಡಿ.

ಬೆಳಿಗ್ಗೆ ಆರು ಗಂಟೆ. ಕೆರೆ ಮೇಲೆ ಮಂಜು. ಚಹಾಕ್ಕೆ ನೀರಿಟ್ಟಿದ್ದೆ. ಪಕ್ಕದಲ್ಲಿ ನಿಂತಿದ್ದ ಮಗ ಮೆಲ್ಲಗೆ, "ಅಮ್ಮ, ದೊಡ್ಡ ನಾಯಿ" ಅಂದ.

ಇಪ್ಪತ್ತು ಹೆಜ್ಜೆ ದೂರ ಇರಬಹುದು. ಕಪ್ಪು ಮೈ, ಕಂದು ಮೂತಿ, ಗುಂಡಗಿನ ಕಿವಿ. ಪೊದೆಯ ಹಿಂದಿನ ಮಣ್ಣನ್ನು ನೆಕ್ಕುತ್ತಿತ್ತು. ಆ ಲೊಚಲೊಚ ಸದ್ದು ಈಗಲೂ ಕಿವಿಯಲ್ಲಿದೆ.

ಮಗನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡೆ. "ರೀ, ಎದ್ದು ಬನ್ನಿ. ಮಗಳನ್ನೂ ಕರೆದುಕೊಂಡು ಬನ್ನಿ. ಓಡಬೇಡಿ." ಅವರಿಗೆ ನನ್ನ ದನಿಯಲ್ಲೇ ಗೊತ್ತಾಯಿತು. ನಾಲ್ಕೂ ಜನ ಒಟ್ಟಿಗೆ ನಿಂತೆವು, ಮಕ್ಕಳು ಹಿಂದೆ. ಗಂಡ ಜಾಕೆಟ್ ಬಿಚ್ಚಿ ತಲೆ ಮೇಲೆ ಎತ್ತಿ ಹಿಡಿದರು. ನಾನು ಪಾತ್ರೆಗೆ ಸೌಟಿನಿಂದ ಬಾರಿಸುತ್ತಾ "ಹೋಗ್! ಹೋಗ್ ಅತ್ಲಾಗೆ!" ಅಂತ ಕೂಗಿದೆ. ಇಂಗ್ಲಿಷ್ ಬಾಯಿಗೇ ಬರಲಿಲ್ಲ. ಮಗಳು ಲೈಫ್ ಜಾಕೆಟ್ಟಿನ ಸೀಟಿ ಊದಿದಳು.

ಕರಡಿ ಹೋಗಲಿಲ್ಲ. ಬುಸ್ಸೆಂದು ಉಸಿರು ಬಿಟ್ಟಿತು, ಹಲ್ಲು ಕಟಕಟಿಸಿತು, ಮುಂಗಾಲಿನಿಂದ ನೆಲಕ್ಕೆ ಪಟಾರೆಂದು ಹೊಡೆಯಿತು. ನೋಡುವವರಿಗೆ ಸಿಟ್ಟು ಅನ್ನಿಸುತ್ತದೆ. ಆದರೆ ಅದು ಪುಕ್ಕಲು ಕರಡಿ ಮಾಡುವ ಸದ್ದು, "ನನಗೆ ಜಾಗ ಬಿಡಿ" ಅನ್ನುವುದು. ಸದ್ದಿಲ್ಲದೆ, ಕಣ್ಣು ಕೀಲಿಸಿಕೊಂಡು ಹಿಂದೆ ಹಿಂದೆ ಬರುವ ಕರಡಿಗೆ ಹೆದರಬೇಕು. ಇದನ್ನು ಓದಿದ್ದೆ, ಆದರೆ ಮೊಣಕಾಲಿಗೆ ಅದು ಗೊತ್ತಿರಲಿಲ್ಲ, ನಡುಗುತ್ತಲೇ ಇತ್ತು.

ಆಗ ಗಂಡ ನನ್ನ ಭುಜ ಹಿಡಿದು ಪಕ್ಕಕ್ಕೆ ಎಳೆದರು. "ದಾರಿಗೆ ಅಡ್ಡ ನಿಂತಿದ್ದೀವಿ ಕಣೇ." ನಿಜ. ನಮ್ಮ ಕ್ಯಾಂಪ್ ಇದ್ದಿದ್ದು ನೀರಿನೊಳಕ್ಕೆ ಚಾಚಿದ ನೆಲದ ತುದಿಯಲ್ಲಿ. ಕರಡಿಯ ಹಿಂದೆ ಕೆರೆ, ಕಾಡಿನ ಕಡೆ ನಾವು. ಪಾಪ ಅದು ಎಲ್ಲಿಗೆ ಹೋಗಬೇಕು? ಅದಕ್ಕೆ ಬೆನ್ನು ತೋರಿಸದೆ, ಒಬ್ಬರನ್ನೊಬ್ಬರು ಬಿಡದೆ, ಅಡ್ಡಡ್ಡ ಹೆಜ್ಜೆ ಹಾಕಿ ದೋಣಿಯ ಕಡೆ ಸರಿದೆವು. ದಾರಿ ತೆರವಾಗಿದ್ದೇ ತಡ, ಒಂದು ಸಲ ನೋಡಿ ಕಾಡೊಳಗೆ ಹೋಯಿತು. ಓಡಲಿಲ್ಲ, ನಡೆದೇ ಹೋಯಿತು.

ನನ್ನ ಸೊಂಟದಲ್ಲಿ ಕರಡಿ ಸ್ಪ್ರೇ ಇತ್ತು. ಮೆಣಸಿನಕಾಯಿಯ ಖಾರವೇ ಅದರೊಳಗಿರುವುದು. ಕೆಲವೇ ಮೀಟರ್ ಹತ್ತಿರ ಬಂದಾಗ ಮಾತ್ರ ಕೆಲಸಕ್ಕೆ ಬರುತ್ತದೆ, ಎದುರುಗಾಳಿ ಇದ್ದರೆ ನಮ್ಮ ಕಣ್ಣಿಗೇ. ಒತ್ತುವ ಪ್ರಸಂಗ ಬರಲಿಲ್ಲ. ಚೀಲದ ತಳದಲ್ಲಿಟ್ಟರೆ ಮಾತ್ರ ಅದು ಸುಮ್ನೆ ಭಾರ.

"ಅಮ್ಮ, ಅಜ್ಜಿ ಕಥೆಯಲ್ಲಿ ಸತ್ತ ಹಾಗೆ ಮಲಗಿದ್ದರು ಅಲ್ವಾ?" ಅಂತ ಮಗಳು ಕೇಳಿದಳು. ಕಪ್ಪು ಕರಡಿಯ ಹತ್ತಿರ ಆ ಕಥೆ ನಡೆಯುವುದಿಲ್ಲ. ಓಡಬಾರದು, ಮರ ಹತ್ತಬಾರದು, ಸತ್ತಂತೆ ಮಲಗಲೂಬಾರದು. ಮೈಮೇಲೇ ಬಂದರೆ ಕೈಗೆ ಸಿಕ್ಕಿದ್ದರಲ್ಲಿ ಬಡಿಯಬೇಕು. ಅದನ್ನು ಅವಳಿಗೆ ಕಾರಿನಲ್ಲಿ ಕೂತ ಮೇಲೆ ಹೇಳಿದೆ.

ಇಪ್ಪತ್ತೇ ನಿಮಿಷಕ್ಕೆ ಕರಡಿ ಅದೇ ಪೊದೆಗೆ ವಾಪಸ್ ಬಂತು. ರುಚಿ ಹತ್ತಿತ್ತು. ಮತ್ತೆ ಪಾತ್ರೆ ಬಾರಿಸಿದೆವು, ಮತ್ತೆ ಹೋಯಿತು. ಇನ್ನು ಅಲ್ಲಿ ಇರುವ ಹಾಗಿರಲಿಲ್ಲ. ಗಂಡ ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ದಡದ ಹತ್ತಿರವೇ ನೀರಿನಲ್ಲಿ ಕಾದರು. ನಾನು ಟೆಂಟನ್ನು ಮಡಚದೆ ಹಾಗೇ ಉಂಡೆ ಮಾಡಿ ತುರುಕಿದೆ. ಬ್ಯಾರಲ್ ಮಾತ್ರ ಕೊಂಬೆಯ ಮೇಲೆ ಹಾಗೇ ತೂಗುತ್ತಿತ್ತು. ಅದರ ಗಂಟು ಬಿಚ್ಚಲು ನನ್ನ ಬೆರಳಿಗೆ ಆಗಲಿಲ್ಲ, ಹಗ್ಗವನ್ನೇ ಕೊಯ್ದೆ.

ವಾಪಸ್ ಬಂದು ಪರ್ಮಿಟ್ ಆಫೀಸಿನಲ್ಲಿ ಎಲ್ಲಾ ಹೇಳಿದೆ. ಮುಚ್ಚಿಟ್ಟರೆ ಮುಂದಿನ ರಾತ್ರಿ ಅದೇ ಜಾಗಕ್ಕೆ ಇನ್ಯಾರೋ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಊಟದ ರುಚಿ ಕಂಡ ಕರಡಿ ಜನರ ಹತ್ತಿರವೇ ಸುಳಿಯುತ್ತದೆ, ಕೊನೆಗೆ ಗುಂಡಿಗೆ ಬಲಿಯಾಗುವುದೂ ಉಂಟು. ಅದನ್ನು ನೆನೆದಾಗ ಆ ಬಾಣಲೆಯಷ್ಟು ನೀರಿಗೆ ನಾಚಿಕೆಯಾಯಿತು. ಅಲ್ಲಿದ್ದ ಹುಡುಗ ಬೈಯಲಿಲ್ಲ. ಯಾವ ಕೆರೆ, ಎಷ್ಟು ಗಂಟೆ, ಎಷ್ಟು ದೊಡ್ಡದು ಅಂತ ಬರೆದುಕೊಂಡ. ಏನು ಅಡುಗೆ ಮಾಡಿದ್ದಿರಿ ಅಂತಲೂ ಕೇಳಿದ.

"ಬಿಸಿಬೇಳೆಬಾತ್."

ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ರೈಸ್ ಅಂತ ಬರೆದುಕೋ ಪರವಾಗಿಲ್ಲ" ಅಂದೆ.