ಮೋಶಿಯ ಶಾಲೆಗೆ ಹೊರಡುವ ಮೊದಲು

ಶಿವಮೊಗ್ಗದಲ್ಲಿ ಬಿ.ಇಡಿ. ಮುಗಿಸಿದ ಇಬ್ಬರು ಹೆಣ್ಣುಮಕ್ಕಳು ಕಳೆದ ವಾರ ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಿದ್ದರು. "ಅಕ್ಕ, ಟಾಂಜಾನಿಯಾದ ಕ್ರೈಸ್ತ ಶಾಲೆಯೊಂದರಲ್ಲಿ ಕೆಲಸ ಸಿಗುವ ಹಾಗಿದೆ, ಹೋಗಬಹುದೇ?" ಎಂದು ಕೇಳಿದರು. ಕಿಲಿಮಂಜಾರೋ ಪರ್ವತದ ಬುಡದ ಮೋಶಿಯಲ್ಲಿ, ಲೂಥರನ್ ಎಂಬ ಪ್ರಾಟೆಸ್ಟಂಟ್ ಸಭೆಯ ಶಾಲೆಯಲ್ಲಿ ನಾಲ್ಕು ವರ್ಷ ಗಣಿತ ಕಲಿಸಿದವಳು ನಾನು. ಧೈರ್ಯವಾಗಿ ಹೋಗಿ ಎಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಅಲ್ಲಿ ಕೆಲಸದ ಪರವಾನಗಿ ಬೇರೆ, ವಾಸದ ಪರವಾನಗಿ ಬೇರೆ. ಎರಡರ ಶುಲ್ಕವನ್ನೂ ಯಾರು ಕಟ್ಟಬೇಕೆಂಬುದು ಒಪ್ಪಂದದಲ್ಲಿ ಬರಹದಲ್ಲಿರಲಿ. ಮೊದಲು ಪ್ರವಾಸಿ ವೀಸಾದಲ್ಲಿ ಬನ್ನಿ, ಉಳಿದದ್ದು ಆಮೇಲೆ ನೋಡೋಣ ಎನ್ನುವವರ ಮಾತಿಗೆ ಒಪ್ಪಬೇಡಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ನೈರೋಬಿ, ಅಡಿಸ್ ಅಬಾಬಗಳ ಮೂಲಕ ಓಡಾಡುವವರನ್ನು ಆ ಲಸಿಕೆಯ ಕಾರ್ಡ್ ಕೇಳುವುದುಂಟು; ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ.

ಸಹಿ ಹಾಕುವ ಮೊದಲೇ ಬಾಯಿಬಿಟ್ಟು ಕೇಳಬೇಕಾದ ಇನ್ನೊಂದು ವಿಷಯವಿದೆ. ಕೆಲವು ಕ್ರೈಸ್ತ ಶಾಲೆಗಳು ಶಿಕ್ಷಕರಿಂದ ವಿಶ್ವಾಸದ ಹೇಳಿಕೆಗೆ, ಅಂದರೆ ಕ್ರೈಸ್ತ ನಂಬಿಕೆಯನ್ನು ಒಪ್ಪುತ್ತೇನೆ ಎಂಬ ಬರಹಕ್ಕೆ, ಸಹಿ ಪಡೆಯುತ್ತವೆ. ಕೆಲವು ಕಡೆ ಪ್ರಾರ್ಥನೆಗೆ ಹಾಜರಿದ್ದರೆ ಸಾಕು. ನಾನು ತುಳಸಿಗೆ ದೀಪ ಹಚ್ಚುವವಳು ಎಂದು ಮೊದಲ ಪತ್ರದಲ್ಲೇ ಬರೆದಿದ್ದೆ. ಮುಖ್ಯೋಪಾಧ್ಯಾಯರು ಒಪ್ಪಿದರು. ದಿನವೂ ಬೆಳಿಗ್ಗೆ ಶಿಕ್ಷಕರೆಲ್ಲ ಸೇರಿದಾಗ ಒಬ್ಬರು ಬೈಬಲಿನ ಭಾಗ ಓದಿ ಪ್ರಾರ್ಥಿಸುತ್ತಾರೆ. ನನ್ನ ಸರದಿಯಲ್ಲಿ ನಾನು ಓದುತ್ತಿದ್ದೆ, ಪಕ್ಕದವರು ಪ್ರಾರ್ಥಿಸುತ್ತಿದ್ದರು. ಯಾರ ಮನೆಯಲ್ಲಿ ಕಾಯಿಲೆ, ಯಾವ ಮಗುವಿನ ಶುಲ್ಕ ಬಾಕಿ ಎಂಬುದೆಲ್ಲ ತಿಳಿಯುವುದು ಆ ಹದಿನೈದು ನಿಮಿಷದಲ್ಲೇ. ಅದನ್ನು ಒಂದು ದಿನವೂ ತಪ್ಪಿಸಬೇಡಿ.

ಪಾಠಕ್ಕಿಂತ ಮೊದಲು ನಮಸ್ಕಾರ ಕಲಿಯಿರಿ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಕಿರಿಯರು ಹಿರಿಯರಿಗೆ "ಶಿಕಮೋ" ಎನ್ನಬೇಕು, ಹಿರಿಯರು "ಮರಹಬಾ" ಎಂದು ಸ್ವೀಕರಿಸುತ್ತಾರೆ. ನಿಮ್ಮ ಕಾಲು ಹಿಡಿಯುತ್ತೇನೆ ಎಂಬುದೇ ಶಿಕಮೋದ ಮೂಲಾರ್ಥವೆಂದು ಅಲ್ಲಿನವರು ಹೇಳುತ್ತಾರೆ. ತರಗತಿಗೆ ಕಾಲಿಟ್ಟೊಡನೆ ನಲವತ್ತು ಮಕ್ಕಳು ಎದ್ದು ನಿಂತು "ಶಿಕಮೋ ಮ್ವಾಲಿಮು" ಎಂದಾಗ ಮನಸ್ಸು ತುಂಬಿ ಬರುತ್ತದೆ. ಮ್ವಾಲಿಮು ಎಂದರೆ ಗುರು. ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆ ಶಾಲಾ ಶಿಕ್ಷಕರಾಗಿದ್ದವರು. ಜನ ಅವರನ್ನು ಇಂದಿಗೂ ಆ ಹೆಸರಿನಿಂದಲೇ ನೆನೆಯುತ್ತಾರೆ. ಆದರೆ ಅಡುಗೆಮನೆಯ ಹಿರಿಯ ತಾಯಿ ಎದುರಾದರೆ ಶಿಕಮೋ ಎನ್ನಬೇಕಾದವರು ನೀವು. ಪದವಿಯ ಲೆಕ್ಕ ಅಲ್ಲಿಲ್ಲ, ವಯಸ್ಸಿನದೇ ಲೆಕ್ಕ.

ಇನ್ನು ಗಡಿಯಾರ. ಇದನ್ನು ಯಾರೂ ನನಗೆ ಮುಂಚಿತವಾಗಿ ಹೇಳಿರಲಿಲ್ಲ. ಸ್ವಾಹಿಲಿಯಲ್ಲಿ ಹೊತ್ತು ಎಣಿಸುವುದು ಬೆಳಗಿನಿಂದ, ನಮ್ಮ ಅಜ್ಜಂದಿರು ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದ ಹಾಗೆ. ನಮ್ಮ ಏಳು ಗಂಟೆ ಅವರಿಗೆ "ಸಾ ಮೋಜ", ಅಂದರೆ ಒಂದು ಗಂಟೆ. ನಾನು ಹೋದ ಹೊಸದರಲ್ಲಿ ಒಬ್ಬ ಹುಡುಗನ ತಾಯಿ ಮಗನ ಲೆಕ್ಕದ ವಿಷಯ ಮಾತಾಡಲು ನಾಳೆ "ಸಾ ಮ್ಬಿಲಿ"ಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದರು. ಮ್ಬಿಲಿ ಎಂದರೆ ಎರಡು ಎಂದಷ್ಟೇ ನನಗೆ ಗೊತ್ತಿತ್ತು. ಮಧ್ಯಾಹ್ನ ಎರಡಕ್ಕೆ ಕಾದು ಕುಳಿತೆ. ಆ ತಾಯಿ ಬೆಟ್ಟದ ಮೇಲಿನ ಕಾಫಿ ತೋಟದಿಂದ ನಡೆದು ಇಳಿದು ಬೆಳಿಗ್ಗೆ ಎಂಟಕ್ಕೇ ಬಂದು, ನಾನು ಪಾಠದಲ್ಲಿದ್ದೇನೆಂದು ಮಾವಿನ ಮರದ ಕೆಳಗೆ ಕಾದು, ಹಿಂದಿರುಗಿದ್ದರು. ಕಟ್ಟೆಯ ಮೇಲೆ ನನಗೆಂದು ಬಿಟ್ಟುಹೋಗಿದ್ದ ಬಾಳೆಗೊನೆಯ ಒಂದು ಚಿಪ್ಪನ್ನು ಕಾವಲುಗಾರ ತಂದುಕೊಟ್ಟ. ಅದನ್ನು ಕೈಯಲ್ಲಿ ಹಿಡಿದು ನಿಂತಾಗ ಆದ ಸಂಕಟವನ್ನು ಮರೆತಿಲ್ಲ. ಆದ್ದರಿಂದ ಯಾರಾದರೂ ಸ್ವಾಹಿಲಿಯಲ್ಲಿ ಗಂಟೆ ಹೇಳಿದರೆ ಆರು ಕೂಡಿಸಿ, ಬೆಳಿಗ್ಗೆಯೋ ರಾತ್ರಿಯೋ ಎಂದು ಮತ್ತೊಮ್ಮೆ ಕೇಳಿಕೊಳ್ಳಿ.

ಊಟಕ್ಕೆ ಹೆದರಬೇಕಾಗಿಲ್ಲ. ಬಾಳೆಯ ನೆರಳಲ್ಲಿ ಕಾಫಿ ಬೆಳೆಯುವ ಸೀಮೆ ಅದು, ಮಲೆನಾಡಿನ ಕಣ್ಣಿಗೆ ಪರಕೀಯವೆನಿಸುವುದಿಲ್ಲ. ಅವರ "ಮ್ಚಿಚಾ" ನಮ್ಮ ಹರಿವೆ ಸೊಪ್ಪಿನ ಜಾತಿಯದೇ. ಹುಳಿ ಮಾಡಿದರೆ ಚೆನ್ನಾಗಿರುತ್ತದೆ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ನೋಡಲು ಬಿಳಿಯ ಮುದ್ದೆ. ಸಸ್ಯಾಹಾರಿಗಳು "ಸಿಲಿ ನ್ಯಾಮಾ" ಎಂದರೆ ಮಾಂಸ ತಿನ್ನುವುದಿಲ್ಲ ಎಂದಾಗುತ್ತದೆ, ಆದರೆ ಮೀನು ಬರಬಹುದು. "ವಾಲಾ ಸಮಾಕಿ" ಎಂದು ಸೇರಿಸಿ ಹೇಳಿ. ಸಾರಿನ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಿರಿ. ಉಪ್ಪಿನಕಾಯಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಬಟ್ಟೆ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ.

ಅಲ್ಲಿನ ಶಾಲಾ ವರ್ಷ ಜನವರಿಗೆ ಶುರುವಾಗುತ್ತದೆ. ದೊಡ್ಡ ರಜೆ ಡಿಸೆಂಬರಿನಲ್ಲಿ, ನಮ್ಮಲ್ಲಿ ಅಡಿಕೆ ಕೊಯ್ಲಿನ ಹೊತ್ತಿಗೆ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಸಂಜೆ ನಾಲ್ಕೂವರೆಗೆ ಫೋನ್ ಮಾಡಿದರೆ ಇಲ್ಲಿ ಏಳು. ಅಮ್ಮ ದೀಪ ಹಚ್ಚಿ ಕುಳಿತಿರುತ್ತಾರೆ. ಜೂನ್, ಜುಲೈ ಮಳೆಯಲ್ಲಿ ನಮ್ಮ ಕಡೆ ಕರೆಂಟು ಹೋಗಿ ಮೊಬೈಲ್ ಟವರ್ ಸತ್ತಾಗ ಗಾಬರಿಯಾಗದಿರಲು, ಪೇಟೆಯಲ್ಲಿರುವ ನೆಂಟರೊಬ್ಬರ ನಂಬರನ್ನೂ ಬರೆದುಕೊಂಡು ಹೋಗಿ.