ಕೆರೆ ಏರಿ, ನೀಲಗಿರಿ ತೋಪು, ಹಳ್ಳಿ ಓಣಿ: ಮೊದಲ ಎಂಟಿಬಿ ರೈಡ್ ಹೀಗೆ ಪ್ಲಾನ್ ಮಾಡಿ

ಮೌಂಟೇನ್ ಬೈಕಿಂಗ್ (ಎಂಟಿಬಿ), ಅಂದ್ರೆ ಮಣ್ಣು ದಾರೀಲಿ ಸೈಕಲ್ ಓಡಿಸೋದು, ಅಂದ ತಕ್ಷಣ ಸುಮಾರು ಜನಕ್ಕೆ ಮನಾಲಿ, ಲಡಾಖ್ ನೆನಪಾಗತ್ತೆ, ಆದ್ರೆ ಅಷ್ಟು ದೂರ ಹೋಗೋ ಅಗತ್ಯಾನೇ ಇಲ್ಲ. ಬೆಂಗಳೂರಿಂದ ದೇವನಹಳ್ಳಿ ದಾಟಿದ್ರೆ ನಂದಿ, ಚನ್ನಗಿರಿ, ಬ್ರಹ್ಮಗಿರಿ, ಸ್ಕಂದಗಿರಿ ಬೆಟ್ಟಗಳ ಬುಡದಲ್ಲಿ ಏರು ತಗ್ಗಿನ ಕೆಂಪು ನೆಲ, ರಾಗಿ ಹೊಲ, ದ್ರಾಕ್ಷಿ ತೋಟ, ಹಿಪ್ಪುನೇರಳೆ, ನೀಲಗಿರಿ ತೋಪು, ಹಳ್ಳಿಗೊಂದು ಕೆರೆ, ಇವನ್ನೆಲ್ಲ ಒಂದಕ್ಕೊಂದು ಸೇರಿಸೋ ಮಣ್ಣು ದಾರಿಗಳು ಲೆಕ್ಕ ಇಲ್ಲದಷ್ಟಿವೆ. ವೀಕೆಂಡ್ ಬಂದ್ರೆ 1478 ಮೀಟರ್ ಎತ್ತರದ ನಂದಿ ಬೆಟ್ಟಾನ ಟಾರ್ ರೋಡಲ್ಲಿ ಹತ್ತೋಕೆ ಸೈಕಲ್‌ಗಳು ಸಾಲಾಗಿ ಬರ್ತಾವೆ, ಬುಡದ ಮಣ್ಣು ದಾರಿ ಕಡೆ ತಿರುಗೋರು ಮಾತ್ರ ಕಮ್ಮಿ. ಈ ದಾರಿಗಳನ್ನ ಯಾರೂ ಸೈಕಲ್‌ಗೋಸ್ಕರ ಮಾಡಿದ್ದಲ್ಲ, ಎತ್ತಿನ ಗಾಡಿ, ದನ, ಹೊಲಕ್ಕೆ ಹೋಗೋ ಜನ ಓಡಾಡಿ ಓಡಾಡಿ ಆಗಿರೋದು. ಇದನ್ನ ತಲೇಲಿಟ್ಕೊಂಡ್ರೆ ಅರ್ಧ ಪ್ಲಾನಿಂಗ್ ತಾನಾಗೇ ಸರಿ ಹೋಗತ್ತೆ.

ಮೊದಲು ದಾರಿ ಹುಡುಕಿ

ಮೊದಲ ರೈಡ್‌ಗೆ 20-25 ಕಿಲೋಮೀಟರ್ ಸಾಕು. ಟಾರ್ ರೋಡಿನ ಲೆಕ್ಕ ಇಲ್ಲಿ ನಡೆಯಲ್ಲ, ಮಣ್ಣು ದಾರೀಲಿ ಹೊಸಬರು ಗಂಟೆಗೆ ಎಂಟ್ಹತ್ತು ಕಿಲೋಮೀಟರ್ ಹೋದ್ರೆ ಚೆನ್ನಾಗೇ ಹೋದಂಗೆ, ದಾರಿ ಕೇಳ್ಕೊಂಡು ನಿಂತು ಹೋಗೋದೆಲ್ಲ ಸೇರಿ ಮೂರು ಮೂರೂವರೆ ಗಂಟೆ ಇಟ್ಕೊಳ್ಳಿ.

ಗೂಗಲ್ ಮ್ಯಾಪ್‌ನ ಸ್ಯಾಟಲೈಟ್ ಚಿತ್ರ ತೆಗೆದು ನೋಡಿ, ಕೆಂಪು ಗೆರೆ ತರ ಕಾಣೋದೆಲ್ಲ ಮಣ್ಣು ದಾರಿ. ಅದನ್ನೇ ಜನರೇ ಸೇರಿ ಮಾಡೋ ಓಪನ್‌ಸ್ಟ್ರೀಟ್‌ಮ್ಯಾಪ್‌ ಅನ್ನೋ ಮ್ಯಾಪ್‌ನಲ್ಲೂ ಚೆಕ್ ಮಾಡಿ, ಎಷ್ಟೋ ಕಡೆ ಹಳ್ಳಿ ದಾರಿಗಳು ಅದ್ರಲ್ಲಿ ಚೆನ್ನಾಗಿ ಗುರುತಾಗಿವೆ. ಆಮೇಲೆ ಒಂದು ಕೆಲಸ ಇದೆ, ಇದನ್ನ ಮಾಡೋರು ಕಮ್ಮಿ, ನನ್ನ ಪ್ರಕಾರ ಇದೇ ಮುಖ್ಯ. ನಮ್ಮ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿ ಅಂತ ಗುರುತು ಹಾಕಿರ್ತಾರೆ, ಊರವರು ಅದಕ್ಕೆ ನಕಾಶೆ ದಾರಿ ಅಂತಾರೆ, ಅದು ಎಲ್ಲರೂ ಓಡಾಡೋ ದಾರಿ. ಮಿಕ್ಕಿದ್ದು ಯಾರದೋ ಹೊಲದೊಳಗೆ ಅವ್ರೇ ಮಾಡ್ಕೊಂಡಿರೋದು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕ್ಕೊಂಡ್ರೆ ನೀವು ನಿಂತಿರೋ ಜಾಗ ಯಾವ ಸರ್ವೆ ನಂಬರ್ ಅಂತ ತೋರ್ಸತ್ತೆ, ದಾರಿ ಯಾವುದು ಹೊಲ ಯಾವುದು ಅಂತ ಅಂದಾಜು ಸಿಗತ್ತೆ. ಇಂಗ್ಲೆಂಡ್‌ನಲ್ಲಿ 1968ರ ಒಂದು ಕಾನೂನಿಂದ ಕುದುರೆ ದಾರಿಗಳಲ್ಲಿ ಸೈಕಲ್ ಓಡಿಸೋ ಹಕ್ಕು ಬಂತು, ನಡೆಯೋರಿಗೆ ಮತ್ತೆ ಕುದುರೆಗೆ ದಾರಿ ಬಿಡಬೇಕು ಅಷ್ಟೆ. ನಮಗಿಲ್ಲಿ ನಕಾಶೆ ದಾರೀನೇ ಆಸರೆ.

ಕಾಡಿನ ವಿಷಯ ಬೇರೆ. ಈ ಬೆಟ್ಟಗಳ ಸುತ್ತ ಮೀಸಲು ಅರಣ್ಯ ಇದೆ, ಅನುಮತಿ ಇಲ್ಲದೆ ಒಳಗೆ ಸೈಕಲ್ ನುಗ್ಗಿಸಬೇಡಿ. ಅರಣ್ಯ ಇಲಾಖೆ ಬೋರ್ಡೋ, ಗಡಿ ಕಲ್ಲೋ, ಟ್ರೆಂಚೋ ಕಂಡ್ರೆ ಅಲ್ಲಿಗೇ ವಾಪಸ್ ತಿರುಗಿ. ಮರದ ನೆರಳಲ್ಲಿ ಓಡಿಸೋ ಆಸೆಗೆ ಊರಿನ ಗುಂಡುತೋಪುಗಳು, ನೀಲಗಿರಿ ತೋಪಿನ ಪಕ್ಕದ ದಾರಿಗಳು ಬೇಕಾದಷ್ಟಿವೆ.

ಶುರು ಮಾಡೋಕೆ ನಂದಿ ಗ್ರಾಮ ಒಳ್ಳೆ ಜಾಗ. ಒಂಬತ್ತನೇ ಶತಮಾನದಷ್ಟು ಹಳೇ ಭೋಗನಂದೀಶ್ವರ ದೇವಸ್ಥಾನ ಅಲ್ಲೇ ಇದೆ, ಅಲ್ಲಿಂದ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಕಡೆಗೆ ಹಳ್ಳಿ ಹಳ್ಳಿ ಹಿಡ್ಕೊಂಡು ಹೋಗಿ ಬೇರೆ ದಾರೀಲಿ ವಾಪಸ್ ಬರೋ ಹಾಗೆ ಲೂಪ್ ಹಾಕಿ. ಬೆಟ್ಟ ಯಾವಾಗ್ಲೂ ಕಣ್ಣಿಗೆ ಕಾಣ್ತಾ ಇರೋದ್ರಿಂದ ದಿಕ್ಕು ತಪ್ಪೋದು ಕಷ್ಟ.

ಸೈಕಲ್ ರೆಡಿ ಮಾಡ್ಕೊಳ್ಳಿ

ಫುಲ್ ಸಸ್ಪೆನ್ಶನ್ (ಹಿಂದೆ ಮುಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್) ಬೇಡ, ಮುಂದೆ ಮಾತ್ರ 100 ಮಿಲಿಮೀಟರ್ ಆಸುಪಾಸು ಕುಗ್ಗೋ ಫೋರ್ಕ್ ಇರೋ ಹಾರ್ಡ್‌ಟೇಲ್, ಡಿಸ್ಕ್ ಬ್ರೇಕ್, ಎರಡು ಇಂಚಿಗಿಂತ ಅಗಲದ ಗ್ರಿಪ್ ಇರೋ ಟಯರ್, ಇಷ್ಟಿದ್ರೆ ಈ ನೆಲಕ್ಕೆ ಸಾಕು. 27.5 ಇಂಚಿನ ಚಕ್ರನೋ 29 ಇಂಚಿಂದೋ ಅನ್ನೋ ಚರ್ಚೇಲಿ ಮೊದಲ ವರ್ಷ ತಲೆ ಕೆಡಿಸ್ಕೋಬೇಡಿ.

ತಲೆ ಕೆಡಿಸ್ಕೋಬೇಕಾಗಿರೋದು ಗಾಳಿ ಬಗ್ಗೆ. ಪಂಕ್ಚರ್ ಅಂಗಡೀಲಿ ಗಾಳಿ ಹಿಡಿಸಿದ್ರೆ ಕಲ್ಲಿನ ಹಾಗೆ ಗಟ್ಟಿ ಮಾಡಿ ಕೊಡ್ತಾರೆ, ಅದು ಟಾರ್ ರೋಡಿಗೆ ಸರಿ, ಗರಸು ಮಣ್ಣಲ್ಲಿ ಚಕ್ರ ಜಾರತ್ತೆ, ಕೈಯೆಲ್ಲ ಜುಮ್ ಅನ್ನತ್ತೆ. 65-70 ಕೆಜಿ ತೂಕದೋರು ಟ್ಯೂಬ್ ಇರೋ 2.2 ಇಂಚಿನ ಟಯರ್‌ಗೆ ಮುಂದೆ 26-28, ಹಿಂದೆ 29-31 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇಟ್ಟು ಶುರು ಮಾಡಿ, ತೂಕ ಜಾಸ್ತಿ ಇದ್ರೆ ಒಂದೆರಡು ಏರಿಸಿ. ತೀರಾ ಇಳಿಸಿದ್ರೆ ಕಲ್ಲಿಗೆ ಬಡಿದಾಗ ರಿಮ್ಮು ಟ್ಯೂಬನ್ನ ಕಚ್ಚಿ ಎರಡು ತೂತು ಮಾಡತ್ತೆ.

ಇನ್ನು ಮುಳ್ಳು. ಜಾಲಿ ಮುಳ್ಳು ಈ ಸೀಮೇಲಿ ಎಲ್ಲಿ ನೋಡಿದ್ರೂ ಇದೆ, ಬೇಲಿಗೆ ಕಡಿದು ಹಾಕಿದ್ದು ದಾರಿಗೂ ಬಿದ್ದಿರತ್ತೆ. ಸೀಲಂಟ್ (ತೂತು ತಾನೇ ಮುಚ್ಚೋ ದ್ರವ) ಹಾಕಿದ ಟ್ಯೂಬ್‌ಲೆಸ್ ಮಾಡಿಸ್ಕೊಂಡ್ರೆ ನೆಮ್ಮದಿ, ಇಲ್ಲಾಂದ್ರೆ ಎರಡು ಸ್ಪೇರ್ ಟ್ಯೂಬ್, ಟಯರ್ ಲಿವರ್, ಪಂಪ್, ಪ್ಯಾಚ್ ಬ್ಯಾಗಲ್ಲಿರಲಿ. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕೋ ಮುಂಚೆ ಟಯರ್ ಒಳಗೆ ಮೆಲ್ಲಗೆ ಬೆರಳಾಡಿಸಿ, ಮುರಿದ ಮುಳ್ಳಿನ ತುದಿ ಅಲ್ಲೇ ಕೂತಿರತ್ತೆ, ಅದನ್ನ ತೆಗೀದೆ ಹಾಕಿದ್ರೆ ಹೊಸ ಟ್ಯೂಬೂ ಹೋಗತ್ತೆ. ಇದರ ಜೊತೆ ಮಲ್ಟಿ ಟೂಲ್, ಕಟ್ ಆದ ಚೈನ್ ಜೋಡಿಸೋಕೆ ನಿಮ್ಮ ಚೈನಿಗೆ ಹೊಂದೋ ಕ್ವಿಕ್ ಲಿಂಕ್, ಎರಡು ಲೀಟರ್ ನೀರು, ಓಆರ್‌ಎಸ್, ಗ್ಲೌಸ್. ಹೆಲ್ಮೆಟ್ ಇಲ್ಲದೆ ಹೊರಡಲೇಬೇಡಿ.

ಓಡಿಸೋ ರೀತಿ

ಏರಿನಲ್ಲಿ, ಏರು ಶುರುವಾಗೋ ಮುಂಚೆನೇ ಗೇರ್ ಇಳಿಸಿ, ಅರ್ಧ ಏರಿದ ಮೇಲೆ ಒತ್ತಡದಲ್ಲಿ ಬದಲಾಯಿಸಿದ್ರೆ ಚೈನ್ ಕಟ್ ಆಗ್ಬಹುದು. ಸೀಟಿನ ಮುಂತುದಿಗೆ ಸರಿದು ಎದೆ ಬಗ್ಗಿಸಿ, ಹಿಂದಿನ ಚಕ್ರದ ಮೇಲೆ ತೂಕ ಇದ್ರೆನೇ ಗರಸಲ್ಲಿ ಹಿಡಿತ ಸಿಗೋದು, ಎದ್ದು ನಿಂತು ತುಳಿದ್ರೆ ಚಕ್ರ ಸುಮ್ಮನೆ ಸುತ್ತತ್ತೆ.

ಇಳಿಜಾರಲ್ಲಿ ಸೀಟ್ ಒಂದೆರಡು ಇಂಚು ಇಳಿಸಿ, ಎರಡೂ ಪೆಡಲ್ ಸಮ ಮಾಡಿ ಅದರ ಮೇಲೆ ನಿಂತ್ಕೊಳ್ಳಿ, ಹಿಮ್ಮಡಿ ಕೆಳಗೆ, ಮೊಣಕೈ ಮೊಣಕಾಲು ಸಡಿಲ, ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹತ್ತು ಹದಿನೈದು ಅಡಿ ಮುಂದೆ. ಬ್ರೇಕಿಗೆ ಒಂದೊಂದೇ ಬೆರಳು. ಮುಂದಿನ ಬ್ರೇಕಿಗೆ ಹೆದರ್ಕೊಂಡು ಹಿಂದಿಂದು ಮಾತ್ರ ಹಿಡಿಯೋ ಅಭ್ಯಾಸ ತುಂಬ ಜನಕ್ಕಿದೆ, ಆದ್ರೆ ಸೈಕಲ್ ನಿಲ್ಲಿಸೋ ಶಕ್ತಿ ಹೆಚ್ಚಿರೋದು ಮುಂದಿನದ್ರಲ್ಲೇ, ಹಿತವಾಗಿ ಒತ್ತಿ ಕಲೀಬೇಕು. ತಿರುವಿಗೆ ಮುಂಚೆ ಸ್ಪೀಡ್ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಿ.

ಗಾಡಿ ಜಾಡು ಆಳವಾಗಿದ್ರೆ ಒಂದೇ ಜಾಡಲ್ಲಿ ಹೋಗಿ, ಮಧ್ಯೆ ಓರೆಯಾಗಿ ಹತ್ತಿ ಇನ್ನೊಂದಕ್ಕೆ ಹೋಗೋಕೆ ನೋಡಿದ್ರೆ ಚಕ್ರ ಅಂಚಿಗೆ ಸಿಕ್ಕಿ ಬೀಳಿಸತ್ತೆ. ನೀಲಗಿರಿ ತೋಪಲ್ಲಿ ಒಣಗಿದ ಎಲೆ, ಸಿಪ್ಪೆ ಜಾರತ್ತೆ ಅನ್ನೋದು ಒಂದಾದ್ರೆ, ಕಡಿದ ಮರದ ಬುಡಗಳು ಎಲೆ ಕೆಳಗೆ ಅಡಗಿರತ್ತೆ, ಅದು ಜಾಸ್ತಿ ಅಪಾಯ. ಹೊಸದಾಗಿ ನೀಲಗಿರಿ ಬೆಳೆಸೋದನ್ನ ಸರ್ಕಾರ 2017ರಲ್ಲಿ ನಿಷೇಧಿಸಿದೆ, ಆದ್ರೆ ಹಳೇ ಬುಡಗಳು ಇನ್ನೂ ಚಿಗುರ್ತಾನೇ ಇವೆ. ದ್ರಾಕ್ಷಿ ತೋಟದ ಪಕ್ಕ ಚಪ್ಪರ ಬಿಗಿಯೋ ತಂತಿಗಳು ದಾರಿ ಅಂಚಿನವರೆಗೂ ಬಂದಿರತ್ತೆ, ಬೆಳಗಿನ ಮಂಜಲ್ಲಿ ಕಣ್ಣಿಗೆ ಕಾಣಲ್ಲ, ಅಲ್ಲಿ ದಾರಿ ಮಧ್ಯದಲ್ಲೇ ಹೋಗಿ. ಡ್ರಿಪ್ ಪೈಪ್ ಅಡ್ಡ ಹಾಕಿದ್ರೆ ಇಳಿದು ಸೈಕಲ್ ಎತ್ತಿ ದಾಟಿಸಿ, ಪೈಪ್ ಒಡೆದ್ರೆ ರೈತನಿಗೆ ನಷ್ಟ.

ಹಳ್ಳಿಯೊಳಗೆ

ಊರು ಬಂದ್ರೆ ಸ್ಪೀಡು ನಡಿಗೆಯಷ್ಟಿರಲಿ, ಮಕ್ಕಳು, ಕೋಳಿ, ಕರು ಯಾವ ಸಂದಿಯಿಂದ ಬರ್ತಾವೋ ಹೇಳೋಕಾಗಲ್ಲ. ನಾಯಿ ಅಟ್ಟಿಸ್ಕೊಂಡು ಬಂದ್ರೆ ಸೈಕಲ್ ಓಡಿಸ್ಬೇಡಿ, ಇಳಿದು ಸೈಕಲ್ಲನ್ನ ನಿಮಗೂ ನಾಯಿಗೂ ಮಧ್ಯೆ ಇಟ್ಕೊಂಡು ನಿಧಾನಕ್ಕೆ ನಡೀರಿ, ಯಾರಾದ್ರೂ ಮನೆಯೋರು ಬಂದು ಗದರಿಸ್ತಾರೆ. ಕುರಿ ಮಂದೆ ಎದುರಾದ್ರೆ ಪಕ್ಕಕ್ಕೆ ನಿಂತು ಪೂರ್ತಿ ಹೋಗೋಕೆ ಬಿಡಿ, ಬೆಲ್ ಹೊಡೆದ್ರೆ ಕುರಿಗಳು ಚದುರಿ ಕಾಯೋರಿಗೆ ಕಷ್ಟ.

ದಾರಿ ಕೇಳೋಕೆ ಸಂಕೋಚ ಬೇಡ. "ಅಣ್ಣಾ, ಈ ದಾರಿ ಮುಂದೆ ಊರಿಗೆ ಸೇರ್ತದಾ, ತೋಟಕ್ಕೇ ನಿಂತೋಗ್ತದಾ?" ಅಂತ ಕೇಳಿ, ಬರೀ ಹೋಗ್ತದಾ ಅಂದ್ರೆ ಹೂಂ ಅಂತಾರೆ, ತೋಟದ ಗೇಟಲ್ಲಿ ನಿಂತಾಗ ಗೊತ್ತಾಗತ್ತೆ. ವಯಸ್ಸಾದೋರಿಗೆ ಯಜಮಾನ್ರೇ, ಅಮ್ಮಾ ಅನ್ನಿ, ನಿಂತು ಎರಡು ಮಾತಾಡಿ, ಕೆರೆ ಕೋಡಿ ಬಿದ್ದಿದ್ಯಾ, ಏರಿ ಮೇಲೆ ಹೋಗ್ಬಹುದಾ ಅನ್ನೋದು ಅವ್ರಿಗೆ ಗೊತ್ತಿದ್ದಷ್ಟು ಯಾವ ಆ್ಯಪ್‌ಗೂ ಗೊತ್ತಿರಲ್ಲ.

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆ ಕಾಲ. ಆದ್ರೆ ಕೊಯ್ಲಾದ ಮೇಲೆ ರಾಗಿ, ಹುರುಳಿ ಒಕ್ಕೋಕೆ ರೋಡಿಗೇ ಹರಡಿರ್ತಾರೆ, ಅದರ ಮೇಲೆ ಸೈಕಲ್ ಹತ್ತಿಸಿದ್ರೆ ಜಾರೋದಲ್ದೆ ಹುರುಳಿ ಬಳ್ಳಿ ಗೇರಿಗೆ ಸುತ್ಕೊಳ್ಳತ್ತೆ, ಇಳಿದು ತಳ್ಕೊಂಡು ಹೋಗಿ. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗಿರ್ತಾನೆ, ಬೆಟ್ಟದ ಬುಡದಲ್ಲಿ ಚಿರತೆ ಓಡಾಡೋ ಹೊತ್ತು ಅದು, ನಾಲ್ಕೂವರೆ ಒಳಗೆ ವಾಪಸ್ ಇರಿ. ಒಬ್ಬರೇ ಹೋಗ್ಬೇಡಿ, ರೂಟ್ ಮನೇಲಿ ಯಾರಿಗಾದ್ರೂ ಕಳಿಸಿರಿ, ಎಮರ್ಜೆನ್ಸಿಗೆ 112.

ಮನೆಗೆ ಬಂದ ಮೇಲೆ

ವಾಟರ್ ಸರ್ವೀಸ್ ಪ್ರೆಶರ್ ಬೇಡ, ಬೇರಿಂಗ್ ಒಳಗೆ ನೀರು ಹೋಗತ್ತೆ. ಬಕೆಟ್, ಬ್ರಷ್ ಸಾಕು. ಚೈನ್ ಬಟ್ಟೇಲಿ ಒರೆಸಿ ಲ್ಯೂಬ್ ಬಿಡಿ, ಹತ್ತು ನಿಮಿಷ ಬಿಟ್ಟು ಮೇಲಿನ ಎಣ್ಣೆ ಒರೆಸಿ, ಇಲ್ಲಾಂದ್ರೆ ಕೆಂಪು ಧೂಳೆಲ್ಲ ಅಂಟ್ಕೊಳ್ಳತ್ತೆ. ಟ್ಯೂಬ್ ಇರೋ ಟಯರ್ ತಿರುಗಿಸಿ ನೋಡಿ ಚುಚ್ಚಿರೋ ಮುಳ್ಳುಗಳನ್ನ ಇಕ್ಕಳದಲ್ಲಿ ಆವತ್ತೇ ತೆಗೀರಿ. ಆಮೇಲೆ ಫೋನಲ್ಲಿ ರೆಕಾರ್ಡ್ ಆಗಿರೋ ಟ್ರ್ಯಾಕ್ ತೆಗೆದು ಎಲ್ಲಿ ಬೇಲಿ ಬಂದಿದೆ, ಎಲ್ಲಿ ದಾರಿ ಉತ್ತು ಹೋಗಿದೆ ಅಂತ ಬರ್ಕೊಳ್ಳಿ, ಸಾಧ್ಯವಾದ್ರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತಿದ್ದಿ. ನಕಾಶೆ ದಾರಿಗಳನ್ನ ಧಾರಾಳವಾಗಿ ಹಂಚ್ಕೊಳ್ಳಿ, ಯಾರೋ ರೈತರು ಇವತ್ತೊಂದಿನ ಹೋಗ್ಲಿ ಅಂತ ಬಿಟ್ಟ ತೋಟದ ದಾರಿ ಇದ್ರೆ ಆ ಭಾಗ ಕತ್ತರಿಸಿ ಹಾಕಿ.